ಪಂಜರದ ಸಾರಿಕೆಯೂ ಕೈಯ ಮೊಬೈಲೂ

ಬೆಂಗಳೂರಿನಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಪೂರ್ವಾಭಿಮುಖವಾಗಿ ಹೊರಟವರಿಗೆ ಕೃಷ್ಣರಾಜಪುರದ ಸಮೀಪದಲ್ಲಿ ದೂರವಾಣಿನಗರವೆಂಬ ಸ್ಥಳವು ದೊರೆಯುವುದು. ೧೯೪೮ನೆಯ ಇಸವಿಯಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದಲೇ ಆ ಸ್ಥಳಕ್ಕೆ ಆ ಹೆಸರು. ಅಂಕಿಗಳ ಚಕ್ರವನ್ನು ಬೆರಳಿಂದ ತಿರುಗಿಸುವ ಕರಿಯ ಯಂತ್ರಗಳನ್ನು ಕಂಡು ಬೆಳೆದವರು ನಾವು. ನಗರದ ಇನ್ನೊಂದು ಅಂಚಿನ ಪೀಣ್ಯದಲ್ಲಿ, ೨೦೧೭ರಲ್ಲಿ, ವಿಸ್ಟ್ರಾನ್ ಸಂಸ್ಥೆಯವರು ಐಫೋನಿನ ಜೋಡಣೆಯನ್ನಾರಂಭಿಸಿದರು. ಹೀಗೆ ದೂರಶ್ರವಣದ ಹಳೆಯ ಯಂತ್ರವೂ ಹೊಸ ಯಂತ್ರವೂ ನಮ್ಮ ಹೊರವಲಯದಲ್ಲಿಯೇ ರೂಪುಗೊಂಡಿವೆ. ಈ ಯಂತ್ರವು ನಮ್ಮ ಹಾಸ್ಯರಸಕ್ಕೆ ಏನನ್ನು ಕೊಟ್ಟಿತು, ಏನನ್ನು ಕಸಿದುಕೊಂಡಿತು ಎಂಬುದೇ ಪ್ರಕೃತ ವಿಚಾರ.

ಮೊಬೈಲು ಬಂದ ಮೇಲೆ ನಾಟಕಗಳಿಗೆ ವಸ್ತುವೇ ಇಲ್ಲದಂತಾಯಿತೆಂದು ನನ್ನ ಸಮವಯಸ್ಕರು ಆಕ್ಷೇಪಿಸುವುದುಂಟು. ದುಷ್ಯಂತನ ಕೈಯಲ್ಲಿ ಮೊಬೈಲಿದ್ದಿದ್ದರೆ ಶಾಕುಂತಲವು ನಾಲ್ಕನೆಯ ಅಂಕದಲ್ಲಿಯೇ ಮುಗಿಯುತ್ತಿತ್ತಂತೆ! ಮಾತು ಚಮತ್ಕಾರವಾಗಿದೆ, ಆದರೆ ಪೂರ್ಣವಾಗಿ ನಿಜವಲ್ಲ. ಹಾಸ್ಯಕ್ಕೆ ಬೇಕಾದುದು ಸುದ್ದಿಯು ತಲಪದಿರುವುದು ಮಾತ್ರವಲ್ಲ. ತಲಪಬಾರದವರಿಗೆ ತಲಪುವುದೂ ಹೌದು.

ವಿಕ್ರಮೋರ್ವಶೀಯದ ಎರಡನೆಯ ಅಂಕವನ್ನು ನೆನೆಯಿರಿ. ಊರ್ವಶಿಯು ಭೂರ್ಜಪತ್ರದ ಮೇಲೆ ತನ್ನ ಪ್ರಣಯವನ್ನು ಬರೆದು ಪುರೂರವನಿಗೆ ತಲಪಿಸುತ್ತಾಳೆ. ವಿದೂಷಕನ ಅಜಾಗ್ರತೆಯಿಂದ ಅದು ಗಾಳಿಗೆ ಹಾರಿ, ಮಹಾರಾಣಿ ಔಶೀನರಿಯ ನೂಪುರಕ್ಕೇ ಸಿಕ್ಕಿಕೊಳ್ಳುವುದು. ಶ್ರೀಹರ್ಷನ ರತ್ನಾವಳಿಯಲ್ಲಿಯಂತೂ ಇನ್ನೂ ಸ್ವಾರಸ್ಯವಿದೆ. ಸಖಿಯರಿಬ್ಬರ ಏಕಾಂತದ ಸಂಭಾಷಣೆಯನ್ನು ಕೇಳಿದ್ದ ಸಾರಿಕೆಯೊಂದು ಪಂಜರದಿಂದ ಹಾರಿಹೋಗಿ, ಆ ಮಾತುಗಳನ್ನು ರಾಜನಿಗೆ ಕೇಳಿಸುವಂತೆ ಒಪ್ಪಿಸಿಬಿಡುತ್ತದೆ. ರಾಜನ ಪಕ್ಕದಲ್ಲಿ ಸಾಗರಿಕೆಯನ್ನು ಚಿತ್ರಿಸಿದ್ದ ಫಲಕವನ್ನು ವಿದೂಷಕನು ಕಂಕುಳಲ್ಲಿ ಅಡಗಿಸಿಟ್ಟುಕೊಂಡಿದ್ದವನು, ಹರ್ಷದಿಂದ ಕುಣಿಯಹೋಗಿ ರಾಣಿಯ ಎದುರಿಗೇ ಕೆಡವಿಕೊಳ್ಳುತ್ತಾನೆ. ಕೇಳಿದ್ದನ್ನು ಹಿಡಿದಿಟ್ಟು ನುಡಿಯುವ ಹಕ್ಕಿ, ಮುಚ್ಚಿಡಬೇಕಾದ ಭಾವಚಿತ್ರ: ಇಂದಿನ ಯಂತ್ರದೊಳಗೆ ಅಡಗಿರುವುದು ಇವೆರಡೇ ಅಲ್ಲವೆ?

ಇನ್ನು ಚಲಚ್ಚಿತ್ರಕ್ಕೆ ಬರೋಣ. ಕನ್ನಡದ ಮೊದಲನೆಯ ವಾಕ್ಚಿತ್ರ ‘ಸತಿ ಸುಲೋಚನ’ವು ೧೯೩೪ರಲ್ಲಿ ತೆರೆಗೆ ಬಂದಿತು. ೧೯೯೦ರ ‘ಗಣೇಶನ ಮದುವೆ’ಯ ಕಾಲಕ್ಕೂ ನಮ್ಮ ಹಾಸ್ಯಕ್ಕೆ ವಠಾರದ ಗೋಡೆಯೇ ಸಾಕಾಗಿತ್ತು. ೧೯೯೫ರ ಜುಲೈ ೩೧ರಂದು ಕಲ್ಕತ್ತೆಯಿಂದ ದೆಹಲಿಗೆ ಭಾರತದ ಮೊದಲನೆಯ ಮೊಬೈಲ್ ಕರೆಯು ಹೋಯಿತು. ಕ್ರಮೇಣ ಆ ಗೋಡೆಯು ಪ್ರತಿಯೊಬ್ಬರ ಜೇಬಿಗೂ ಬಂದು ಸೇರಿತು. ೨೦೧೬ರಲ್ಲಿ ಇಟಲಿಯ ಪಾವೊಲೊ ಜೆನೊವೇಸೆ ಎಂಬ ನಿರ್ದೇಶಕರು ‘ಪರ್ಫೆಟ್ಟಿ ಸ್ಕನೊಶ್ಯೂತಿ’ ಎಂಬ ಚಿತ್ರವನ್ನು ತೆಗೆದರು. ‘ಪೂರ್ಣ ಅಪರಿಚಿತರು’ ಎಂದು ಅದರ ಅರ್ಥ. ಚಂದ್ರಗ್ರಹಣದ ರಾತ್ರಿ ಏಳು ಮಂದಿ ಸ್ನೇಹಿತರು ಊಟಕ್ಕೆ ಕುಳಿತು, ತಮ್ಮ ಮೊಬೈಲುಗಳನ್ನು ಮೇಜಿನ ಮೇಲಿರಿಸಿ, ಬಂದ ಕರೆಗಳನ್ನೂ ಸಂದೇಶಗಳನ್ನೂ ಎಲ್ಲರೆದುರಿಗೇ ಪ್ರಕಟಿಸುವುದೆಂದು ಪಣತೊಡುತ್ತಾರೆ. ಒಂದೇ ರಾತ್ರಿಯಲ್ಲಿ ಸಂಸಾರಗಳು ಬಿರುಕುಬಿಡುತ್ತವೆ. ೨೦೧೯ರ ಹೊತ್ತಿಗೆ ಈ ಚಿತ್ರವು ೧೮ ಬಾರಿ ಪುನರ್ನಿರ್ಮಿತವಾಗಿ ಗಿನ್ನೆಸ್ ದಾಖಲೆಯನ್ನು ಸೇರಿತು. ಅದೇ ಕಥಾಬೀಜವು ೨೦೧೮ರಲ್ಲಿ ‘ಲೌಡ್ ಸ್ಪೀಕರ್’ ಎಂಬ ಹೆಸರಿನಿಂದ ಕನ್ನಡದಲ್ಲಿಯೂ ಮೊಳೆಯಿತು. ಮರುವರ್ಷದ ರಷ್ಯನ್ ಚಿತ್ರದ ಹೆಸರಿಗೂ ಹೆಚ್ಚುಕಡಮೆ ಅದೇ ಅರ್ಥ!

ಪ್ರಾಚೀನರಿಗೂ ಇವರಿಗೂ ಇರುವ ಭೇದವೊಂದುಂಟು. ಭೂರ್ಜಪತ್ರವನ್ನು ಹಾರಿಸಿದುದು ಗಾಳಿ. ಪಂಜರವನ್ನು ತೆರೆದುದು ಲಾಯದಿಂದ ತಪ್ಪಿಸಿಕೊಂಡ ಕಪಿ. ಅಲ್ಲಿ ಗುಟ್ಟು ರಟ್ಟಾದುದು ದೈವಯೋಗದಿಂದ. ಇಲ್ಲಿಯಾದರೋ ಮನುಷ್ಯರು ತಾವಾಗಿಯೇ ಪಂಜರವನ್ನು ತೆರೆಯುತ್ತಾರೆ. ತನ್ನಲ್ಲಿ ಗುಟ್ಟಿಲ್ಲವೆಂದು ತೋರಿಸಿಕೊಳ್ಳುವ ಹಟವೇ ಇಲ್ಲಿ ಹಾಸ್ಯಕ್ಕೆ ಮೂಲ; ಆದುದರಿಂದಲೇ ಆ ನಗೆಯ ಹಿಂದೆ ಭಯವೂ ಸೇರಿಕೊಂಡಿರುತ್ತದೆ.

೨೦೨೦ರ ಜುಲೈಯಲ್ಲಿ, ಕೋವಿಡ್ ಪಿಡುಗಿನಿಂದ ಚಿತ್ರಮಂದಿರಗಳು ಮುಚ್ಚಿದ್ದಾಗ, ಪನ್ನಗ ಭರಣರ ನಿರ್ದೇಶನದ, ಬೆಂಗಳೂರಿನ ಆಟೋ ಚಾಲಕನೊಬ್ಬನ ಪ್ರಹಸನ ‘ಫ್ರೆಂಚ್ ಬಿರಿಯಾನಿ’ಯು ನೇರವಾಗಿ ಅಮೆಜಾನ್ ಪ್ರೈಮಿನಲ್ಲಿ ಬಿಡುಗಡೆಯಾಯಿತು. ಚಿತ್ರದೊಳಗಿದ್ದ ಮೊಬೈಲು ತಾನೇ ಚಿತ್ರಮಂದಿರವಾಯಿತು. ಸಾವಿರ ಜನ ಒಟ್ಟಿಗೆ ನಗುತ್ತಿದ್ದ ನಗೆಯನ್ನು ಈಗ ಒಬ್ಬೊಬ್ಬರು ಕಾರ್ಖಾನೆಯ ಬಸ್ಸಿನಲ್ಲಿ ಕುಳಿತು, ಕಿವಿಗೆ ತಂತಿಯನ್ನು ಸಿಕ್ಕಿಸಿಕೊಂಡು ನಗುವರು. ಕಳೆದುಕೊಂಡುದು ಯಾವುದೆಂದರೆ ಇದೇ ಎನ್ನುವೆನು.

ವೈಟ್‌ಫೀಲ್ಡಿನಲ್ಲಿರುವ ನನ್ನ ಮಗನ ಮನೆಯಲ್ಲಿ ಒಂದು ಭಾನುವಾರ ಇಂಥ ಚಿತ್ರವೊಂದನ್ನು ಎಲ್ಲರೂ ಕೂಡಿ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಬಳಿಕ ಊಟಕ್ಕೆ ಕುಳಿತಾಗ ನೋಡುತ್ತೇನೆ, ಎಲ್ಲರ ಮೊಬೈಲುಗಳೂ ಬೋರಲಾಗಿದ್ದವು. ನನ್ನದೂ ಹಾಗೆಯೇ ಇದ್ದಿತು. ವೈದ್ಯರು ಕಳುಹಿಸಿದ್ದ, ಮನೆಯವಳಿಗೆ ತಿಳಿಸದೆ ಮುಚ್ಚಿಟ್ಟಿದ್ದ ವರದಿಯೊಂದು ಅದರೊಳಗಿತ್ತು. ಗುಟ್ಟೆಲ್ಲವೂ ವಂಚನೆಯೆಂದು ಈ ಚಿತ್ರಗಳು ನಗುತ್ತವೆ. ಕೆಲವು ಗುಟ್ಟುಗಳು ಕನಿಕರದಿಂದ ಹುಟ್ಟುವುವೆಂಬುದನ್ನು ಅವು ಕಾಣವೆಂದು ನಾನು ಸಮಾಧಾನಪಟ್ಟುಕೊಂಡೆ. ಆದರೂ ಮನಸ್ಸು ತಡೆಯಲಿಲ್ಲ. ಸಾರಿಕೆಯು ನುಡಿಯುವ ಮೊದಲೇ ನಾನೇ ನುಡಿಯುವುದು ಲೇಸೆಂದು ಅಂದು ರಾತ್ರಿ ಆಕೆಗೆ ಎಲ್ಲವನ್ನೂ ಹೇಳಿದೆನು. ಬೀರುವಿನಲ್ಲಿದ್ದ ಗುಳಿಗೆಗಳನ್ನು ನೋಡಿ, ಒಂದು ತಿಂಗಳ ಹಿಂದೆಯೇ ತಾನು ತಿಳಿದುಕೊಂಡಿದ್ದುದಾಗಿಯೂ, ನಾನು ನೊಂದುಕೊಳ್ಳುವೆನೆಂದು ಸುಮ್ಮನಿದ್ದುದಾಗಿಯೂ ಆಕೆ ಹೇಳಿದಳು.