ಸುತ್ತಿಗಿ ಮುಟ್ಟಬ್ಯಾಡ

"ಸುತ್ತಿಗಿ ಮುಟ್ಟಬ್ಯಾಡ ನೋಡು!" ಅಂತ ಅಪ್ಪ ಕಟ್ಟೆ ಮೇಲಿಂದ ಕೂಗಿದರು. ಧಾರವಾಡದ ನಮ್ಮ ಮನೆ ಅಂಗಳದಲ್ಲಿ ಹಳೇ ಪ್ರೀಮಿಯರ್ ಪದ್ಮಿನಿಯ ಸ್ಟೀರಿಂಗ್ ಹಿಡಿದು ಬೆಳಿಗ್ಗೆಯಿಂದ ಜಗ್ಗುತ್ತಿದ್ದೆ. ನಟ್ಟು ಸಡಿಲಾಗಿತ್ತು. ಚಕ್ರ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡದು. ನಮ್ಮೂರಿನ ಜಿಟಿಜಿಟಿ ಮಳೆಗೆ ಎಷ್ಟು ವರ್ಷದ ತುಕ್ಕೋ! ಚಕ್ರ ಎರಡು ಕಡೆ ಸೀಳಿತ್ತು, ನೋಂದಣಿ ನವೀಕರಣಕ್ಕೆ ಗಾಡಿ ತೋರಿಸುವ ದಿನ ಹತ್ತಿರ ಬಂದಿತ್ತು. 2022ರ ಏಪ್ರಿಲ್‌ನಲ್ಲೇ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು.

ಅಪ್ಪನ ಹೆದರಿಕೆ ಸುಳ್ಳಲ್ಲ. ಶಾಫ್ಟಿನ ತುದಿಗೆ ಹೊಡೆದರೆ ಪೆಟ್ಟು ನೆಟ್ಟಗೆ ಕೆಳಗಿನ ಸ್ಟೀರಿಂಗ್ ಬಾಕ್ಸಿಗೆ ಹೋಗುತ್ತೆ. ಅದರ ಬೇರಿಂಗ್ ಕೆಟ್ಟರೆ ಹೊಸದು ತರೋದು ಎಲ್ಲಿಂದ? ಈ ಕಾರು ತಯಾರಾಗೋದು ನಿಂತು ಎರಡು ದಶಕ ದಾಟಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್‌ಗೆ ರಸ್ತೆ ಬಿಟ್ಟವು.

ಈ ಕಂಪನಿ ಕಟ್ಟಿದ ವಾಲಚಂದ ಹಿರಾಚಂದ ನಮ್ಮ ನೆರೆಯ ಸೊಲ್ಲಾಪುರದವರು. 1940ರಲ್ಲಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದವರೂ ಅವರೇ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಬಂತು. ಮುಂದೆ ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ 1100 ತಯಾರಾಗತೊಡಗಿ, 1974ರಲ್ಲಿ ಅದಕ್ಕೆ ಪದ್ಮಿನಿ ಅನ್ನೋ ಹೆಸರು ಬಿತ್ತು. ಅಪ್ಪನಿಗೆ ಅದು ಇವತ್ತಿಗೂ ಫಿಯಾಟೇ.

ಎಷ್ಟು ಕಾರು ತಯಾರಾಗಬೇಕು ಅಂತ ಸರ್ಕಾರ ಲೈಸೆನ್ಸ್ ಕೊಡುತ್ತಿದ್ದ ಕಾಲ ಅದು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ತಂದ ಗಾಡಿಯನ್ನ ಯಾರು ಬಿಸಾಕ್ತಾರೆ? ಬ್ಯಾಂಕಿನ ಗುಮಾಸ್ತರೂ ಮೇಷ್ಟ್ರುಗಳೂ ಭಾನುವಾರ ಸ್ಪ್ಯಾನರ್ ಹಿಡಿಯೋದು ಕಲಿತರು. ನಮ್ಮ ಕಾರುಗಳಲ್ಲಿ ಇದು ಸಾಧ್ಯವೂ ಇಲ್ಲ, ಮಾಡಲೂ ಬಾರದು. 2019ರ ಜುಲೈನಿಂದ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಚಕ್ರದ ನಡುವೆ ಕೂತಿರೋದು ಸಿಡಿಯುವ ಸಾಮಾನು.

ಕೊನೆಗೆ ಹುಬ್ಬಳ್ಳಿಯ ಗ್ಯಾರೇಜಿನ ಕಾಕಾ ಒಬ್ಬರು ಎರಡು ಕಾಲಿನ ಪುಲ್ಲರ್ ಕೊಟ್ಟರು. "ನಟ್ಟು ಪೂರಾ ತೆಗೀಬ್ಯಾಡ ತಮ್ಮಾ, ಎರಡು ಸುತ್ತು ಇರ್ಲಿ. ಇಲ್ಲಂದ್ರ ಚಕ್ರ ಬಂದು ಮಾರಿಗೆ ಬಡೀತದ." ರಾತ್ರಿಯಿಡೀ ಚಿಮಣಿ ಎಣ್ಣಿ ಬಿಟ್ಟು ನೆನೆಸಿದೆ. ಬೆಳಿಗ್ಗೆ ಬ್ಯಾಟರಿ ತಂತಿ ಕಳಚಿ, ಚಕ್ರ ಯಾವ ಹಲ್ಲಿನ ಮೇಲೆ ಕೂತಿದೆ ಅಂತ ಗುರುತು ಹಾಕೋಣ ಅಂತ ಶಾಫ್ಟಿನ ತುದಿ ಒರೆಸಿದರೆ, ಅಲ್ಲಿ ಆಗಲೇ ಪಂಚ್ ಹೊಡೆದ ಒಂದು ಚುಕ್ಕೆ!

"ಅಪ್ಪಾ, ಇದನ್ನ ಮೊದಲು ಯಾರು ಬಿಚ್ಚಿದ್ರು?"

ಅಪ್ಪ ಪೇಪರ್ ಮರೆಯಿಂದ ಮುಖ ತೆಗೆಯಲಿಲ್ಲ. ಪುಲ್ಲರ್ ಬೋಲ್ಟನ್ನ ಕಾಲು ಕಾಲು ಸುತ್ತು ಬಿಗಿ ಮಾಡುತ್ತ ಹೋದೆ. ಬಿಗಿ ಮಾಡೋದು, ಸ್ವಲ್ಪ ಹೊತ್ತು ಬಿಡೋದು. ಅರ್ಧ ತಾಸಾದ ಮೇಲೆ ಟಪ್ ಅಂತ ಸದ್ದಾಗಿ ಚಕ್ರ ನಟ್ಟಿನ ತನಕ ಬಂದು ನಿಂತಿತು.

ಆಗ ಅಪ್ಪ ಎದ್ದು ಬಂದರು. ಶಾಫ್ಟಿನ ಹಲ್ಲುಗಳನ್ನ ಬೆರಳಲ್ಲಿ ಸವರಿ ನೋಡಿದರು.

"ನಾನ ಬಿಚ್ಚಿದ್ದೆ, ನೀ ಹುಟ್ಟೋಕಿಂತ ಮೊದ್ಲ. ಸುತ್ತಿಗೀಲೆ ಹೊಡ್ದು. ಬೇರಿಂಗ್ ಮುಂಬೈದಿಂದ ಬರಾಕ ಮೂರು ತಿಂಗಳ ಹಿಡೀತು. ನಿಮ್ಮಮ್ಮಗ ಇನ್ನೂ ಗೊತ್ತಿಲ್ಲ."