ಏಕವ್ಯಕ್ತಿ ಅಧ್ಯಯನ ವಿನ್ಯಾಸ: ಪುನರ್ವಸತಿ ಸೇವೆಯ ಫಲವನ್ನು ಅಳೆಯುವ ಕ್ರಮ

ಪೀಠಿಕೆ

ವಾಕ್ ಚಿಕಿತ್ಸೆ, ಆಪ್ತಸಮಾಲೋಚನೆ, ಫಿಸಿಯೋಥೆರಪಿ ಮುಂತಾದ ಸೇವೆಗಳಿಂದ ಒಬ್ಬ ಫಲಾನುಭವಿಗೆ ಪ್ರಯೋಜನವಾಗುತ್ತಿದೆಯೇ ಎಂಬುದನ್ನು ತಿಳಿಯಲು ಏಕವ್ಯಕ್ತಿ ಅಧ್ಯಯನ ವಿನ್ಯಾಸವನ್ನು ಬಳಸಲಾಗುತ್ತದೆ. ಇದರಲ್ಲಿ ಫಲಾನುಭವಿಯನ್ನು ಇತರರೊಂದಿಗೆ ಹೋಲಿಸದೆ, ಸೇವೆಗೆ ಮುಂಚಿನ ಅವರದೇ ಸ್ಥಿತಿಯೊಂದಿಗೆ ಹೋಲಿಸಲಾಗುತ್ತದೆ.

ಆಲೂರು ಮತ್ತು ಸಕಲೇಶಪುರಗಳ ನಡುವೆ ಇರುವ ಬಾಳ್ಳುಪೇಟೆಯಂತಹ ಊರಿನ ತೋಟ ಕಾರ್ಮಿಕ ಕುಟುಂಬವು ಮಗುವಿನ ಚಿಕಿತ್ಸೆಗಾಗಿ ಹಾಸನಕ್ಕೆ ಅಥವಾ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ತೆರಳಬೇಕಾದಲ್ಲಿ, ಪ್ರತಿ ಭೇಟಿಗೂ ಪ್ರಯಾಣ ವೆಚ್ಚದೊಡನೆ ಒಂದು ದಿನದ ಕೂಲಿಯೂ ನಷ್ಟವಾಗುತ್ತದೆ. ಚಿಕಿತ್ಸೆಯನ್ನು ಮುಂದುವರಿಸಬೇಕೇ, ಬದಲಿಸಬೇಕೇ ಎಂಬ ತೀರ್ಮಾನವು ಅಳತೆಯನ್ನು ಆಧರಿಸಿರುವುದು ಆದುದರಿಂದ ಅವಶ್ಯಕ.

ಅಳತೆಯ ಹಂತಗಳು

1. ಆಧಾರ ಹಂತ: ಸೇವೆ ಆರಂಭಿಸುವ ಮುನ್ನ ಕನಿಷ್ಠ 3 ಬಾರಿ, ಸಾಧ್ಯವಾದಲ್ಲಿ 5 ಬಾರಿ ಅಳೆಯತಕ್ಕದ್ದು. ಈ ಅಳತೆ ತಪ್ಪಿದಲ್ಲಿ ಅದನ್ನು ನಂತರ ಪಡೆಯಲಾಗದು.
2. ಸೇವಾ ಹಂತ: ಸೇವೆ ನಡೆಯುವ ಅವಧಿಯಲ್ಲಿ ಅದೇ ವಿಧಾನದಿಂದ, ಅದೇ ಸಂದರ್ಭದಲ್ಲಿ ಅಳತೆಯನ್ನು ಮುಂದುವರಿಸತಕ್ಕದ್ದು.
3. ಅನುಸರಣಾ ಹಂತ: ಸೇವೆ ಮುಗಿದ ಕೆಲವು ತಿಂಗಳ ನಂತರ ಪುನಃ ಅಳೆಯತಕ್ಕದ್ದು.

ಏನನ್ನು ಅಳೆಯಬೇಕು

"ಮಾತು ಸುಧಾರಿಸಿದೆ" ಎಂಬ ಅಭಿಪ್ರಾಯವು ಅಳತೆಯಾಗುವುದಿಲ್ಲ. ಎಣಿಸಬಹುದಾದ ಸಂಖ್ಯೆ, ಅವಧಿ ಅಥವಾ ಪ್ರಮಾಣವನ್ನು ನಮೂದಿಸಬೇಕು. ಉದಾಹರಣೆಗೆ, ಉಗ್ಗುವ ಮಗುವಿನ 200 ಅಕ್ಷರಗಳಷ್ಟು ಮಾತನ್ನು ಮೊಬೈಲ್ ಫೋನಿನಲ್ಲಿ ಧ್ವನಿಮುದ್ರಿಸಿ, 24 ಕಡೆ ಉಗ್ಗು ಕಂಡುಬಂದಲ್ಲಿ ಅದರ ಪ್ರಮಾಣ ಶೇ. 12. ಅದೇ ಧ್ವನಿಮುದ್ರಣವನ್ನು ಇನ್ನೊಬ್ಬರು ಪ್ರತ್ಯೇಕವಾಗಿ ಕೇಳಿ 20 ಎಂದು ಎಣಿಸಿದಲ್ಲಿ, ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಭಾಗಿಸಿದಾಗ ಸಹಮತವು ಸುಮಾರು ಶೇ. 83 ಆಗುತ್ತದೆ. ಸಾಮಾನ್ಯವಾಗಿ ಶೇ. 80 ಅಥವಾ ಅದಕ್ಕಿಂತ ಹೆಚ್ಚಿನ ಸಹಮತವನ್ನು ಸ್ವೀಕಾರಾರ್ಹವೆಂದು ಪರಿಗಣಿಸಲಾಗುತ್ತದೆ.

ವಿನ್ಯಾಸದ ವಿಧಗಳು

ಅ) ಎ-ಬಿ ವಿನ್ಯಾಸ: ಆಧಾರ ಹಂತದ ನಂತರ ಸೇವಾ ಹಂತ. ಇದು ಸರಳವಾದುದು. ಆದರೆ ಬದಲಾವಣೆಗೆ ಸೇವೆಯೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಅನೇಕರ ಉಗ್ಗು ತಾನಾಗಿಯೇ ಕಡಿಮೆಯಾಗುವುದುಂಟು.

ಆ) ಎ-ಬಿ-ಎ-ಬಿ ವಿನ್ಯಾಸ: ಸೇವೆಯನ್ನು ಕೆಲಕಾಲ ನಿಲ್ಲಿಸಿ ಪುನಃ ಆರಂಭಿಸಲಾಗುತ್ತದೆ. ಕಲಿತ ಕೌಶಲವನ್ನು ಹಿಂಪಡೆಯಲಾಗದ ಕಡೆ, ಅಥವಾ ನಿಲ್ಲಿಸಿದರೆ ಹಾನಿಯಾಗುವ ಕಡೆ ಇದು ಸೂಕ್ತವಲ್ಲ.

ಇ) ಬಹು ಆಧಾರ ವಿನ್ಯಾಸ: ಮನೆ, ಶಾಲೆ, ಅಂಗಡಿ ಈ ಮೂರೂ ಕಡೆ ಏಕಕಾಲದಲ್ಲಿ ಅಳತೆ ಆರಂಭಿಸಿ, ಅಭ್ಯಾಸವನ್ನು ಒಂದಾದ ಮೇಲೊಂದರಂತೆ ಜಾರಿಗೊಳಿಸಲಾಗುತ್ತದೆ. ಮನೆಯಲ್ಲಿ ಅಭ್ಯಾಸ ಆರಂಭವಾದಾಗ ಅಲ್ಲಿನ ಪ್ರಮಾಣ 12, 11, 13ರಿಂದ 8, 6, 5ಕ್ಕೆ ಇಳಿದು, ಶಾಲೆಯಲ್ಲಿ 14, 15, 14 ಆಗಿಯೇ ಉಳಿದು, ಶಾಲೆಯಲ್ಲೂ ಆರಂಭಿಸಿದ ನಂತರವೇ ಇಳಿದಲ್ಲಿ, ಸೇವೆಯೇ ಕಾರಣವೆನ್ನಲು ಬಲವಾದ ಆಧಾರ ದೊರೆಯುತ್ತದೆ. (ಅಂಕಿಗಳು ವಿವರಣೆಗಾಗಿ ಮಾತ್ರ.)

ಮಲೆನಾಡಿನಲ್ಲಿ ಗಮನಿಸಬೇಕಾದ ಅಂಶಗಳು

1. ನವೆಂಬರ್‌ನಿಂದ ಆರಂಭವಾಗುವ ಕಾಫಿ ಕೊಯ್ಲಿನ ಕಾಲದಲ್ಲಿ ಮನೆಯ ದಿನಚರಿ ಬದಲಾಗುತ್ತದೆ. ಆಧಾರ ಹಂತ ಕೊಯ್ಲಿಗೆ ಮುಂಚೆ, ಸೇವಾ ಹಂತ ಕೊಯ್ಲಿನಲ್ಲಿ ಬಂದರೆ ಹೋಲಿಕೆ ದಾರಿ ತಪ್ಪಿಸಬಹುದು. ಅಂತಹ ಬದಲಾವಣೆಗಳನ್ನು ದಿನಾಂಕದೊಡನೆ ನಮೂದಿಸಬೇಕು.
2. ಮಳೆಗಾಲದ ರಜೆಗಳಿಂದ ಅಳತೆ ತಪ್ಪಿದ ದಿನಗಳನ್ನು ಖಾಲಿ ಬಿಡಬೇಕು. ಅಂದಾಜಿನಿಂದ ಭರ್ತಿ ಮಾಡಬಾರದು.

ಫಲಾನುಭವಿಗಳಿಗೆ ಸಲಹೆ

1. ಮೊದಲ ಭೇಟಿಗೆ ಹಳೆಯ ಧ್ವನಿಮುದ್ರಣ, ಶಾಲೆಯ ಟಿಪ್ಪಣಿಗಳಿದ್ದಲ್ಲಿ ಕೊಂಡೊಯ್ಯುವುದು.
2. ಯಾವುದನ್ನು, ಎಷ್ಟು ದಿನಕ್ಕೊಮ್ಮೆ ಅಳೆಯಲಾಗುವುದೆಂದು ಚಿಕಿತ್ಸಕರನ್ನು ಕೇಳಿ ತಿಳಿದುಕೊಳ್ಳುವುದು; ನಕ್ಷೆಯ ಪ್ರತಿಯನ್ನು ಕೋರುವುದು.
3. ಹಲವು ಅಳತೆಗಳಲ್ಲಿ ಬದಲಾವಣೆ ಕಾಣದಿದ್ದಲ್ಲಿ ನಕ್ಷೆಯನ್ನು ಮುಂದಿಟ್ಟು ಚಿಕಿತ್ಸಾ ಕ್ರಮದ ಮರುಪರಿಶೀಲನೆ ಕೋರುವುದು.
4. ಸ್ಥಳೀಯ ನೆರವಿಗಾಗಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸುವುದು.

ಸೂಚನೆ: ಪ್ರಾಣಾಪಾಯ, ಆತ್ಮಹತ್ಯೆಯ ಯೋಚನೆ ಮುಂತಾದ ತುರ್ತು ಸಂದರ್ಭಗಳಲ್ಲಿ ಆಧಾರ ಹಂತಕ್ಕಾಗಿ ಚಿಕಿತ್ಸೆಯನ್ನು ತಡೆಹಿಡಿಯತಕ್ಕದ್ದಲ್ಲ. ಮಾನಸಿಕ ಆರೋಗ್ಯದ ನೆರವಿಗೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಈ ಅಳತೆಯ ದಾಖಲೆಯು 2016ರ ಅಧಿನಿಯಮದನ್ವಯ ನೀಡಲಾಗುವ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಪರ್ಯಾಯವಲ್ಲ.