ಸೈಕಲ್ ದೀಪ: ಆಯ್ಕೆ ಮತ್ತು ಜೋಡಣೆ

ನಸುಕಿನಲ್ಲಿ ವಾಯುವಿಹಾರಕ್ಕೆ ಹೊರಡುವ ಹಿರಿಯರೂ ಅದೇ ಹೊತ್ತಿಗೆ ಸೈಕಲ್ ಏರುವ ಕಿರಿಯರೂ ನಮ್ಮ ಮಹಾನಗರಗಳಲ್ಲಿ ಹಲವೆಡೆ ಒಂದೇ ಹಾದಿಯನ್ನು ಹಂಚಿಕೊಳ್ಳುತ್ತಾರೆ. ಇಂದಿನ ಎಲ್‌ಇಡಿ ದೀಪಗಳು ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು. ಆದರೆ ಅವುಗಳ ಪ್ರಖರತೆ ಅಪಾರ. ಅಂತಹ ಬೆಳಕು ನೇರವಾಗಿ ಕಣ್ಣಿಗೆ ಬಿದ್ದರೆ ನಡೆಯುವವರಿಗೆ ಕಾಲ ಕೆಳಗಿನ ಕಲ್ಲು, ಹಳ್ಳ ಕಾಣದಂತಾಗುತ್ತದೆ. ವಯಸ್ಸಾದ ಕಣ್ಣು ಚೇತರಿಸಿಕೊಳ್ಳಲು ಹೆಚ್ಚು ಕಾಲ ಬೇಕು. ಪೊರೆ ಬೆಳೆಯುತ್ತಿದ್ದರೆ ಬೆಳಕು ಕಣ್ಣೊಳಗೆ ಚದುರಿ ತೊಂದರೆ ಇನ್ನೂ ಹೆಚ್ಚುತ್ತದೆ. ಆ ವಯಸ್ಸಿನಲ್ಲಿ ಎಡವಿ ಬೀಳುವುದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ನಮ್ಮ ತಲೆಮಾರಿಗೆ ಪರಿಚಿತವಾದ ಡೈನಮೊ ೬ ವೋಲ್ಟ್, ೩ ವಾಟ್ ಸಾಮರ್ಥ್ಯದ್ದು. ಸವಾರ ನಿಂತರೆ ದೀಪವೂ ಆರುತ್ತಿತ್ತು. ಆ ಮಂದ ಬೆಳಕಿಗೆ ಯಾರೂ ಕಣ್ಣು ಮುಚ್ಚಿಕೊಳ್ಳುತ್ತಿರಲಿಲ್ಲ. ಇಂದಿನ ದೀಪಕ್ಕೆ ಆ ಸೌಮ್ಯತೆಯನ್ನು ನಾವೇ ತಂದುಕೊಡಬೇಕು.

ಆಯ್ಕೆ

ಅಂಗಡಿಯವರು ಸಾಮಾನ್ಯವಾಗಿ ಲ್ಯೂಮೆನ್ ಸಂಖ್ಯೆಯನ್ನೇ ಮುಂದಿಡುತ್ತಾರೆ. ದೀಪ ಒಟ್ಟು ಎಷ್ಟು ಬೆಳಕು ಹೊರಸೂಸುತ್ತದೆ ಎಂಬುದಷ್ಟೇ ಅದರ ಅರ್ಥ. ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ ಲಕ್ಸ್. ಬೆಳಕು ಎಷ್ಟಿದೆ ಎಂಬುದಕ್ಕಿಂತ ಎಲ್ಲಿ ಬೀಳುತ್ತದೆ ಎಂಬುದೇ ಮುಖ್ಯ.

ಟಾರ್ಚಿನಂತೆ ವೃತ್ತಾಕಾರದಲ್ಲಿ ಬೆಳಕು ಚೆಲ್ಲುವ ದೀಪದಲ್ಲಿ ಸಾಕಷ್ಟು ಪಾಲು ಮರದ ಕೊಂಬೆಗೂ ಎದುರಿನವರ ಮುಖಕ್ಕೂ ವ್ಯರ್ಥವಾಗಿ ಹೋಗುತ್ತದೆ. ಜರ್ಮನಿಯ ಸಂಚಾರ ನಿಯಮದಂತೆ ತಯಾರಾದ ದೀಪಗಳಲ್ಲಿ, ಕಾರಿನ ತಗ್ಗು ಬೆಳಕಿನಂತೆ, ಬೆಳಕಿನ ಮೇಲಂಚು ಗೆರೆ ಎಳೆದಂತೆ ನಿಂತುಬಿಡುತ್ತದೆ. ಉಳಿದುದೆಲ್ಲ ರಸ್ತೆಗೆ ಸಲ್ಲುತ್ತದೆ. ಸಾಧ್ಯವಾದರೆ ಇಂತಹುದನ್ನೇ ಕೊಳ್ಳುವುದು ಲೇಸು. ವೃತ್ತಾಕಾರದ ದೀಪವೇ ಇದ್ದರೆ, ಗಾಜಿನ ಮೇಲ್ಭಾಗಕ್ಕೆ ಟೋಪಿಯ ಅಂಚಿನಂತಹ ಚಿಕ್ಕ ಮರೆಯನ್ನು ಕಟ್ಟಿ, ಕಡಿಮೆ ಪ್ರಖರತೆಯಲ್ಲಿ ಬಳಸಬಹುದು. ಮುಂಬೈಯಂತಹ ಮಳೆಯ ಊರಿನಲ್ಲಿ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುವ ಐಪಿಎಕ್ಸ್ ೪ ದರ್ಜೆಯಾದರೂ ಇರಲಿ.

ಜೋಡಣೆ

ಜರ್ಮನಿಯ ಹಳೆಯ ನಿಯಮವೊಂದು ಇಂದಿಗೂ ಅನುಸರಿಸಲು ಯೋಗ್ಯವಾಗಿದೆ: ೫ ಮೀಟರ್ ಮುಂದೆ ಬೆಳಕಿನ ನಡುಭಾಗವು ದೀಪದ ಎತ್ತರದ ಅರ್ಧಕ್ಕೆ ಇಳಿದಿರಬೇಕು. ಇದನ್ನು ಮನೆಯ ಕಟ್ಟಡದ ಅಂಗಳದಲ್ಲೇ ಪರೀಕ್ಷಿಸಬಹುದು.

೧. ಸಮತಟ್ಟಾದ ನೆಲದ ಮೇಲೆ, ಗೋಡೆಯಿಂದ ೫ ಮೀಟರ್ ದೂರದಲ್ಲಿ ಸೈಕಲ್ ನಿಲ್ಲಿಸಿ ಸವಾರ ಕುಳಿತುಕೊಳ್ಳಬೇಕು.

೨. ದೀಪ ನೆಲದಿಂದ ೯೦ ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಗೋಡೆಯ ಮೇಲೆ ಬೆಳಕಿನ ನಡುಭಾಗ ೪೫ ಸೆಂಟಿಮೀಟರ್ ಎತ್ತರದಲ್ಲಿ ಬೀಳುವಂತೆ ಬಾಗಿಸಬೇಕು. ಆಗ ಅದು ೧೦ ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ.

೩. ಮನೆಯವರೊಬ್ಬರನ್ನು ಹತ್ತು ಹದಿನೈದು ಹೆಜ್ಜೆ ಮುಂದೆ ನಿಲ್ಲಿಸಿ ಕೇಳಬೇಕು. ಅವರ ಕಣ್ಣು ಕುಕ್ಕಿದರೆ ದೀಪವನ್ನು ಇನ್ನಷ್ಟು ತಗ್ಗಿಸಬೇಕು.

ಗಂಟೆಗೆ ೧೮ ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ೫ ಮೀಟರ್. ಆ ೧೦ ಮೀಟರ್ ಕ್ರಮಿಸಲು ಎರಡೇ ಸೆಕೆಂಡು. ನಿಲ್ಲಲು ಇದು ಸಾಕಾದೀತು, ಹೆಚ್ಚಿನ ವೇಗಕ್ಕೆ ಸಾಲದು. ಆದುದರಿಂದ ಪಾದಚಾರಿಗಳಿರುವ ಹಾದಿಯಲ್ಲಿ ದೀಪವನ್ನು ಎತ್ತುವ ಬದಲು ವೇಗವನ್ನು ಇಳಿಸುವುದೇ ಸರಿ.

ಮೇಲಂಚು ಇರುವ ದೀಪವನ್ನು ಹ್ಯಾಂಡಲ್ ಕೆಳಗೆ ತಲೆಕೆಳಗಾಗಿ ತೂಗುಹಾಕಬಾರದು. ಬೆಳಕೆಲ್ಲ ಮೇಲಕ್ಕೆ ಹೋದೀತು. ಮುಂದೆ ಬುಟ್ಟಿಯಿದ್ದರೆ ದೀಪ ಅದಕ್ಕಿಂತ ಮುಂದಿರಲಿ. ಹೆಲ್ಮೆಟ್ಟಿಗೆ ಕಟ್ಟಿದ ದೀಪ ಸವಾರ ನೋಡಿದವರ ಮುಖಕ್ಕೇ ಬೀಳುವುದರಿಂದ ಜನರ ನಡುವೆ ಸಲ್ಲದು. ರಬ್ಬರ್ ಪಟ್ಟಿಯ ಹಿಡಿತ ಕುಲುಕಾಟಕ್ಕೆ ಸಡಿಲವಾಗುತ್ತದೆ. ತಿಂಗಳಿಗೊಮ್ಮೆ ಗೋಡೆಯ ಪರೀಕ್ಷೆ ಮಾಡುವುದು ಒಳ್ಳೆಯದು.

ಬಳಕೆ

ಮಿನುಗುವ ಬೆಳಕಿನಲ್ಲಿ ಸೈಕಲ್ ಎಷ್ಟು ದೂರದಲ್ಲಿದೆ ಎಂದು ಅಂದಾಜಿಸುವುದು ಕಷ್ಟ. ಮಿನುಗುವ ಮುಂದೀಪಕ್ಕೆ ಜರ್ಮನಿಯಲ್ಲಿ ಅನುಮತಿಯೇ ಇಲ್ಲ. ಕತ್ತಲಲ್ಲಿ ಸ್ಥಿರವಾದ ಬೆಳಕೇ ಇರಲಿ. ದೆಹಲಿಯ ಚಳಿಗಾಲದ ಮಂಜಿನಲ್ಲಿ ಪ್ರಖರ ಬೆಳಕು ಮಂಜಿಗೆ ತಾಗಿ ಸವಾರನ ಕಣ್ಣಿಗೇ ಮರಳುತ್ತದೆ. ಅಲ್ಲಿ ತಗ್ಗಿದ, ಮಿತವಾದ ಬೆಳಕೇ ಹೆಚ್ಚು ಉಪಯುಕ್ತ. ಹಿಂಬದಿಯ ಕೆಂಪು ದೀಪವನ್ನೂ ಮರೆಯಬಾರದು.

ಮಕ್ಕಳಿಗೆ ಸೈಕಲ್ ಕೊಡಿಸುವಾಗ ಇದನ್ನೂ ಹೇಳಿಕೊಡೋಣ: ದೀಪವಿರುವುದು ನಾವು ದಾರಿ ಕಾಣಲು, ಇತರರು ನಮ್ಮನ್ನು ಕಾಣಲು. ಎದುರಿನವರ ದಾರಿಯನ್ನು ಕತ್ತಲು ಮಾಡಿದರೆ ಅದರ ಉದ್ದೇಶವೇ ಕೆಟ್ಟಂತೆ.